ಕಿವಿ ಕೇಳದ ಮಗುವಿಗೆ ನುಡಿಗಟ್ಟು ಹೇಳಿಕೊಡೋದು ಹೇಗೆ? ಬೈಬಲ್ ಕಥೆಯಿಂದ ಮಾಡಿ ನೋಡಿದವರು ತಿಳಿಸಿ

ಹಾಸನದ ಅಮ್ಮ
ಮಗಳಿಗೆ ಒಂಬತ್ತು ವರ್ಷ. ಎರಡೂ ಕಿವಿಗೆ ಮೆಷಿನ್ ಇದೆ. ಮಾತು ಬರುತ್ತದೆ, ಸನ್ನೆಯೂ ಸ್ವಲ್ಪ ಗೊತ್ತು. ನುಡಿಗಟ್ಟು ಬಂದರೆ ಮಾತ್ರ ಕಷ್ಟ. "ತಲೆ ತಿನ್ನಬೇಡ" ಅಂದರೆ ಅಳುತ್ತಾಳೆ. ನಮ್ಮ ಮಾವ ತೀರಿಕೊಂಡಾಗ ಚರ್ಚಿನ ಸಭೆಯವರೆಲ್ಲ "ಕರ್ತನಲ್ಲಿ ನಿದ್ರೆ ಹೋದರು" ಅಂದರು. ಆಮೇಲಿಂದ ರಾತ್ರಿ ಮಲಗೋಕೆ ಹೆದರುತ್ತಾಳೆ. ಬೈಬಲ್ ಕಥೆ ಅಂದರೆ ತುಂಬಾ ಇಷ್ಟ. ಅದರಿಂದಲೇ ಹೇಳಿಕೊಡಬಹುದಾ?

ಕುಲಶೇಖರದವಳು
ನಮ್ಮ ಮಗನಿಗೆ ಇಂಪ್ಲಾಂಟ್, ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಮೆಷಿನ್. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಐದು ವರ್ಷದೊಳಗೆ ಆಗಬೇಕು ಅಂತ ಓಡಾಡಿದೆವು. ಒಂದು ಆಸ್ಪತ್ರೆಯವರು ಸ್ಕ್ಯಾನ್ ರಿಪೋರ್ಟ್ ಕಳೆದರು. ಮತ್ತೆ ಸ್ಕ್ಯಾನ್, ಮತ್ತೆ ಮಗುವಿಗೆ ನಿದ್ದೆ ಔಷಧಿ, ಮತ್ತೆ ನಮ್ಮದೇ ದುಡ್ಡು. ಕೊನೆಗೆ ಗಂಡನ ಪಿಎಫ್ ತೆಗೆದು, ನನ್ನ ಕರಿಮಣಿ ಬಿಟ್ಟು ಮಿಕ್ಕ ಚಿನ್ನ ಅಡವಿಟ್ಟು ಖಾಸಗಿಯಲ್ಲಿ ಮಾಡಿಸಿದೆವು. ಅಲ್ಲಿಗೆ ಮುಗೀತು ಅಂದುಕೊಳ್ಳಬೇಡಿ. ತಲೆಗೆ ಅಂಟಿಕೊಳ್ಳುವ ಕಾಯಿಲ್ ಹೋಯಿತು, ಅದರ ವೈರ್ ಬೇರೆ ಹೋಯಿತು. ವಾರಂಟಿ ಮುಗಿದ ಮೇಲೆ ವೈರಿಗೂ ಸಾವಿರಗಟ್ಟಲೆ. ಮಂಗಳೂರಿನ ಸೆಕೆಗೆ ಬೆವರು ಒಳಗೆ ಇಳಿದು ಪ್ರೊಸೆಸರ್ (ಕಿವಿಯ ಹೊರಗೆ ಹಾಕುವ ಭಾಗ) ಕೆಟ್ಟಾಗ ಹೇಳಿದ ರೇಟಿಗೆ ಹಳೇ ಸ್ಕೂಟರ್ ಬರುತ್ತಿತ್ತು.

ಹಾಂ, ನುಡಿಗಟ್ಟು. ನಾನು "ಕೈ" ಒಂದನ್ನೇ ಹಿಡಿದುಕೊಂಡೆ. ಯೇಸುವಿನ ವಿಚಾರಣೆ ಮಾಡಿದ ರೋಮ್ ಅಧಿಕಾರಿ ಪಿಲಾತ ಜನರ ಮುಂದೆ ನೀರು ತರಿಸಿ ಕೈ ತೊಳೆದನಲ್ಲ (ಮತ್ತಾಯ 27:24), ಅದನ್ನು ಮನೆಯಲ್ಲೇ ಆಡಿದೆವು. ಅಡುಗೆಮನೆ ಬೋಗುಣಿ, ಗಂಡನೇ ಪಿಲಾತ. ಮಗ ಯೇಸು. ಅಪ್ಪ ಕೈ ತೊಳೆದು, ಟವೆಲ್‌ನಲ್ಲಿ ಒರೆಸಿ, ಮುಖ ಆ ಕಡೆ ತಿರುಗಿಸಿದ. ಮಗನಿಗೆ ಎಷ್ಟು ಸಿಟ್ಟು ಬಂತೆಂದರೆ ಬೋಗುಣಿ ಒದ್ದ. ಮಾರನೇ ವಾರ ತಂಗಿ ಲೋಟ ಒಡೆದು ಸುಮ್ಮನೆ ನಿಂತಾಗ ಇವನೇ ಬಂದು "ಅಮ್ಮಾ, ಇವಳು ಕೈ ತೊಳೆದುಕೊಂಡಳು" ಅಂದ! ಪೇತ್ರ ನೀರಲ್ಲಿ ಮುಳುಗುವಾಗ ಯೇಸು ಕೈ ಹಿಡಿದರು, ಯೂದ ಕೈ ಕೊಟ್ಟ, ಶಿಷ್ಯರು ಕೈ ಬಿಟ್ಟು ಓಡಿದರು. ನಮ್ಮ ಮನೆಮಾತು ಕೊಂಕಣಿ. ಥೆರಪಿಯವರು ಒಂದೇ ಭಾಷೆ ಇಟ್ಟುಕೊಳ್ಳಿ ಅಂದದ್ದಕ್ಕೆ ಅದನ್ನೂ ಬಿಟ್ಟೆವು. ಅಜ್ಜಿ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ.

ಸನ್ನೆಯವನು
ನಾನೇ ಕಿವುಡ. ನನ್ನ ಮಗಳೂ ಕಿವುಡಿ. ಮೆಷಿನ್ ಇಲ್ಲ, ಸಾಲವೂ ಇಲ್ಲ. ಚೆನ್ನಾಗಿದ್ದೇವೆ. ಕೇಳುವ ಮಕ್ಕಳು ನುಡಿಗಟ್ಟನ್ನು ಪಾಠ ಮಾಡಿಸಿಕೊಂಡು ಕಲಿಯಲ್ಲ. ದೊಡ್ಡವರು ಪಕ್ಕದ ರೂಮಲ್ಲಿ ಮಾತಾಡಿದ್ದು ಕಿವಿಗೆ ಬಿದ್ದು ಕಲಿಯುತ್ತಾರೆ. ನಮಗೆ ಯಾವುದೂ ಹಾಗೆ ತಾನಾಗಿ ಬೀಳಲ್ಲ. ಅಷ್ಟೇ ವಿಷಯ. ದಡ್ಡತನ ಅಲ್ಲ.

ಸಂಡೇ ಸ್ಕೂಲಿನವರು "ತಲೆ", "ತಿನ್ನು" ಅಂತ ಪದಕ್ಕೆ ಪದ ಸನ್ನೆ ಮಾಡುತ್ತಾರೆ. ನೋಡಿದ ಮಗುವಿಗೆ ರಾಕ್ಷಸ ಕಾಣುತ್ತಾನೆ. ಅರ್ಥವನ್ನು ಸನ್ನೆ ಮಾಡಿ, ಮುಖದಲ್ಲಿ ತೋರಿಸಿ. ದೆಹಲಿಯಲ್ಲಿ ಸನ್ನೆ ಭಾಷೆಯ ರಾಷ್ಟ್ರೀಯ ಸಂಸ್ಥೆ ಶುರುವಾಗಿದ್ದೇ 2015ರಲ್ಲಿ. ಅವರ ನಿಘಂಟು ವಿಡಿಯೋ ಪುಕ್ಕಟೆ ಸಿಗುತ್ತದೆ. ಚಿನ್ನ ಅಡವಿಡೋದು ಬೇಕಿಲ್ಲ.

ಕುಲಶೇಖರದವಳು
ನನ್ನ ಚಿನ್ನದ ವಿಷಯ ನಿಮಗ್ಯಾಕೆ ಅಣ್ಣಾ? ನನ್ನ ಮಗ ಬಸ್ಸಲ್ಲಿ ಒಬ್ಬನೇ ಟಿಕೆಟ್ ಕೇಳಿ ತಗೊಳ್ತಾನೆ.

ಸನ್ನೆಯವನು
ನನ್ನ ಮಗಳು ಬರೆದು ತೋರಿಸಿ ತಗೊಳ್ತಾಳೆ. ಟಿಕೆಟ್ ಒಂದೇ.

ಪ್ರಾರ್ಥನಾ ಸಹೋದರ
ಇಷ್ಟೆಲ್ಲ ಯಾಕೆ? ಮಾರ್ಕ 7 ಓದಿ. ಯೇಸು ಕಿವುಡನಿಗೆ "ಎಫ್ಫಥಾ" (ತೆರೆದುಕೋ) ಅಂದ ಕೂಡಲೇ ಕಿವಿ ತೆರೆಯಿತು. ನಂಬಿಕೆ ಕೇಳುವುದರಿಂದ ಬರುತ್ತದೆ, ರೋಮಾ 10:17. ಉಪವಾಸ ಕೂಟಕ್ಕೆ ಮಗುವನ್ನು ಕರೆತನ್ನಿ.

ಸನ್ನೆಯವನು
ಚಿಕ್ಕಂದಿನಲ್ಲಿ ಇಂಥ ಕೂಟಗಳಲ್ಲಿ ನನ್ನ ಕಿವಿಗೆ ಹುಯ್ದ ಎಣ್ಣೆಗೆ ಲೆಕ್ಕ ಇಲ್ಲ. ಸೋಂಕಾಗಿ ಕೀವು ಬಂತು. ಔಷಧಿ ಖರ್ಚು ಅಪ್ಪನದು. ಕೇಳದವರಿಗೆ ನಂಬಿಕೆಯೇ ಬರಲ್ವಾ ಹಾಗಾದರೆ? ಅದೇ ಮಾರ್ಕ 7 ಪೂರ್ತಿ ಓದಿ. ಯೇಸು ಅವನನ್ನು ಗುಂಪಿನಿಂದ ಆಚೆ ಕರೆದುಕೊಂಡು ಹೋದರು. ಕಿವಿಗೆ ಬೆರಳಿಟ್ಟರು, ನಾಲಿಗೆ ಮುಟ್ಟಿದರು, ಮೇಲೆ ನೋಡಿ ನಿಟ್ಟುಸಿರು ಬಿಟ್ಟರು. ಎಲ್ಲಾ ಕಣ್ಣಿಗೆ ಕಾಣೋದೇ. ಮೈಕು ಹಿಡಿದು ಕೂಗಲಿಲ್ಲ.

ಪ್ರಾರ್ಥನಾ ಸಹೋದರ
ದೇವರ ಸೇವಕರ ಮೇಲೆ ನಾಲಿಗೆ ಹರಿಯಬಿಡಬೇಡಿ.

ಭಾನುವಾರದ ಟೀಚರ್
ನಾಲಿಗೆ ಹರಿಯಬಿಡೋದು ಅಂದರೇನು ಅಂತ ಆ ಮಗುವಿಗೂ ಒಂದು ಮಾತು ಹೇಳಿಬಿಡಿ ಬ್ರದರ್, ಪುಣ್ಯ ಬರುತ್ತೆ.

ಹಾಸನದ ಅಮ್ಮ, ನಿಮ್ಮ ಪ್ರಶ್ನೆ ಎಲ್ಲರೂ ಮರೆತರು. ಯೋಹಾನ 11 ತೆಗೆಯಿರಿ. ಯೇಸು "ಲಾಜರ ನಿದ್ರೆ ಮಾಡ್ತಿದ್ದಾನೆ" ಅಂದಾಗ ಶಿಷ್ಯರು ನಿಜವಾದ ನಿದ್ದೆ ಅಂತಲೇ ತಿಳಿದರು. ಮಲಗಿದ್ದರೆ ಹುಷಾರಾಗ್ತಾನೆ ಅಂದರು. ಆಗ ಯೇಸು ನೇರವಾಗಿ "ಲಾಜರ ಸತ್ತ" ಅಂದರು. ನಿಕೊದೇಮನದೂ ಇದೇ ಕಥೆ, ಯೇಸು "ಹೊಸದಾಗಿ ಹುಟ್ಟಬೇಕು" ಅಂದಾಗ ಮುದುಕನಾದವನು ತಾಯಿ ಹೊಟ್ಟೆಗೆ ಮತ್ತೆ ಹೋಗೋದು ಹೇಗೆ ಅಂತ ಕೇಳಿದ. ನಾನು ನನ್ನ ಮಕ್ಕಳಿಗೆ ಈ ಎರಡು ಕಥೆ ಮೊದಲು ಹೇಳೋದು. ದೊಡ್ಡವರಿಗೇ ಹೀಗಾಗಿತ್ತು ಅಂತ ಗೊತ್ತಾದರೆ ಅವರಿಗೆ ನಾಚಿಕೆ ಹೋಗುತ್ತದೆ. ಮಗಳಿಗೆ "ತಾತ ಸತ್ತರು" ಅಂತಲೇ ಹೇಳಿ. ಆಮೇಲೆ "ದೊಡ್ಡವರು ಇದನ್ನೇ ನಿದ್ರೆ ಅಂತಾರೆ, ನಿನ್ನ ರಾತ್ರಿ ನಿದ್ದೆ ಬೇರೆ" ಅನ್ನಿ. "ಹೃದಯದ ಬಾಗಿಲು" ಸದ್ಯಕ್ಕೆ ಬೇಡ. ನಮ್ಮಲ್ಲೊಬ್ಬ ಅಂಗಿ ಬಿಚ್ಚಿ ಬಾಗಿಲು ಹುಡುಕಿದ್ದ.

ಹಾಸನದ ಅಮ್ಮ
ತುಂಬಾ ಥ್ಯಾಂಕ್ಸ್ ಟೀಚರ್. "ಸತ್ತರು" ಅಂದರೆ ಅತ್ತೆಗೆ ಬೇಜಾರಾಗುತ್ತದೆ, ಅದೇ ಯೋಚನೆ.

ಕುಲಶೇಖರದವಳು
ಅತ್ತೆ ಬೇಜಾರು ಇದ್ದದ್ದೇ. ನಿಮ್ಮ ಮೆಷಿನ್‌ಗೆ ತೇವ ಒಣಗಿಸುವ ಡ್ರೈ ಬಾಕ್ಸ್ ತಗೊಂಡಿದೀರಾ? ಕರೆಂಟಿನದು ತಗೊಳ್ಳಿ. ಸಿಲಿಕಾ ಪುಡಿಯದು ಸುಮ್ನೆ ದಂಡ, ನಮ್ಮಲ್ಲಿ ಒಂದು ಮಳೆಗಾಲವೂ ಬರಲಿಲ್ಲ.

ಸನ್ನೆಯವನು
ನೋಡಿ, ಮತ್ತೆ ಖರ್ಚು ಶುರು.