ಬೀದರ್ ಏರ್‌ಫೋರ್ಸ್ ಸ್ಟೇಷನ್‌ನಲ್ಲಿ ನಿಜವಾಗಿ ಏನು ಕಲಿಸುತ್ತಾರೆ?

ಪ್ರಶ್ನೆ: ನಮ್ಮೂರು ಬೀದರ್ ಹತ್ತಿರ. ದಿನಾ ತಲೆ ಮೇಲೆ ವಿಮಾನ ಹಾರುತ್ತವೆ. ಆದರೆ ಪೈಲಟ್ ಟ್ರೇನಿಂಗ್‌ಗೆ ಹೈದರಾಬಾದ್ ಪಕ್ಕದ ದುಂಡಿಗಲ್‌ನಲ್ಲಿ ಅಕಾಡೆಮಿನೇ ಇದೆ ಅಲ್ವಾ? ಮತ್ತೆ ಬೀದರ್ ಯಾಕೆ? ಏರ್‌ಫೋರ್ಸ್‌ನಲ್ಲಿ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್): ಒಳ್ಳೆ ಪ್ರಶ್ನೆ ಅಮ್ಮ. ದುಂಡಿಗಲ್‌ನಲ್ಲಿ ಹಾರೋದು ಕಲಿಸುತ್ತಾರೆ. ಬೀದರ್‌ನಲ್ಲಿ ಫೈಟರ್ ಪೈಲಟ್ ಆಗೋದು ಕಲಿಸುತ್ತಾರೆ.

ಮೊದಲು ಇಲ್ಲಿ ಹೊಸಬರೇ ಕಲಿಯುತ್ತಿದ್ದರು. 1987ರಲ್ಲಿ ಎಲಿಮೆಂಟರಿ ಫ್ಲೈಯಿಂಗ್ ಸ್ಕೂಲ್ ಅಲಹಾಬಾದ್‌ನಿಂದ ಬೀದರ್‌ಗೆ ಬಂತು. ದೊಡ್ಡ ಬದಲಾವಣೆ ಆಗಿದ್ದು ಹಾಕ್ ಅನ್ನೋ ಜೆಟ್ ತರಬೇತಿ ವಿಮಾನ ಬಂದ ಮೇಲೆ. ಅದಕ್ಕೂ ಮುಂಚೆ ಹುಡುಗರು ನಿಧಾನದ ಕಿರಣ್ ವಿಮಾನದಿಂದ ಇಳಿದು, ಸ್ವಲ್ಪ ದಿನದಲ್ಲೇ ಮಿಗ್-21 ಫೈಟರ್ ಹತ್ತಬೇಕಿತ್ತು. ಮಿಗ್ ರನ್‌ವೇಗೆ ಇಳಿಯೋದೇ ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ. ಅಷ್ಟು ದೊಡ್ಡ ಜಿಗಿತ! ನಡುವೆ ಒಂದು ಮೆಟ್ಟಿಲು ಬೇಕು ಅಂತ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಒಪ್ಪಂದ ಆಗಿದ್ದು 2004ರಲ್ಲಿ, 66 ಹಾಕ್ ವಿಮಾನಗಳಿಗೆ. ಅವು ಬೀದರ್‌ನಲ್ಲಿ ಸೇರ್ಪಡೆಯಾಗಿದ್ದು 2008ರ ಫೆಬ್ರವರಿಯಲ್ಲಿ. ಇಷ್ಟು ತಡ ಮಾಡಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಹಾಕ್‌ನಲ್ಲಿ ಕಲಿಯುವವರು ಮುಂದೆ, ಇನ್‌ಸ್ಟ್ರಕ್ಟರ್ ಹಿಂದೆ. ಹಿಂದಿನ ಸೀಟು ಎತ್ತರ, ಹಾಗಾಗಿ ಮುಂದಿನವರ ತಲೆ ಮೇಲಿಂದ ರನ್‌ವೇ ಕಾಣುತ್ತದೆ. ಎಲ್ಲಕ್ಕಿಂತ ಕಷ್ಟ ಫಾರ್ಮೇಷನ್, ಅಂದ್ರೆ ವಿಮಾನಗಳು ಜೋಡಿಯಾಗಿ ಹತ್ತಿರ ಹತ್ತಿರ ಹಾರೋದು. ಪಕ್ಕದಲ್ಲೇ ಲೀಡರ್ ವಿಮಾನ. ಕಣ್ಣು ಅದರ ಮೇಲಿಂದ ಕದಲುವ ಹಾಗಿಲ್ಲ. ಶುರುವಿನಲ್ಲಿ ಎಲ್ಲರೂ ಸ್ಟಿಕ್ ಗಟ್ಟಿಯಾಗಿ ಹಿಡಿದುಬಿಡುತ್ತಾರೆ, ವಿಮಾನ ಮೇಲೆ ಕೆಳಗೆ ತೂಗಾಡುತ್ತದೆ. ಹಿಂದಿನಿಂದ 'ಕೈ ಸಡಿಲ ಬಿಡು, ಬೆರಳಲ್ಲಿ ಹಿಡಿ' ಅಂತ ಹೇಳುತ್ತಲೇ ಇರಬೇಕು. ಕೈ ಒಮ್ಮೆ ಹಗುರಾಯಿತು ಅಂದ್ರೆ ವಿಮಾನ ತೂಗಾಡದೆ ತಾನಾಗೇ ಸ್ಥಿರವಾಗುತ್ತದೆ. ಅದನ್ನು ನೋಡುವ ಖುಷಿನೇ ಬೇರೆ.

ಪ್ರಶ್ನೆ: ಸರ್, ಆಕಾಶದಲ್ಲಿ ಕಸರತ್ತು ತೋರಿಸುವ ಏರ್‌ಫೋರ್ಸ್‌ನ ಸೂರ್ಯಕಿರಣ್ ತಂಡ ಬೀದರ್‌ನದ್ದೇ ಅಲ್ವಾ? ನಡುವೆ ಯಾಕೆ ನಿಂತಿತ್ತು?

ಉತ್ತರ: ಹೌದು, 1996ರಲ್ಲಿ ಇಲ್ಲೇ ಹುಟ್ಟಿದ್ದು, ಕಿರಣ್ ವಿಮಾನಗಳಲ್ಲಿ. ನಿಂತಿದ್ದಕ್ಕೂ ಟ್ರೇನಿಂಗೇ ಕಾರಣ. 2009ರಲ್ಲಿ ಅಪಘಾತದ ನಂತರ ಹೊಸಬರ ಎಚ್‌ಪಿಟಿ-32 ವಿಮಾನಗಳನ್ನು ಹಾರಿಸುವುದು ನಿಲ್ಲಿಸಿದರು. ಕಲಿಸೋಕೆ ಕಿರಣ್ ಬೇಕಾಯಿತು, 2011ರಲ್ಲಿ ತಂಡ ನಿಂತಿತು. 2015ರಲ್ಲಿ ಹಾಕ್ ಜೊತೆ ಮತ್ತೆ ಶುರುವಾಯಿತು.

ಪ್ರಶ್ನೆ: ನನ್ನ ಮಗಳು ಪಿಯುಸಿ. ಹೆಣ್ಣುಮಕ್ಕಳಿಗೂ ಇಲ್ಲಿ ಅವಕಾಶ ಇದೆಯಾ?

ಉತ್ತರ: ಖಂಡಿತ ಇದೆ. ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಅಕಾಡೆಮಿ ಮುಗಿಸಿ ಬೀದರ್‌ನಲ್ಲೇ ಹಾಕ್ ಕಲಿತವರು. 2022ರಿಂದ ಎನ್‌ಡಿಎಗೂ (ಪಿಯುಸಿ ನಂತರ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. ಎನ್‌ಡಿಎ ತಪ್ಪಿದರೆ ಡಿಗ್ರಿ ಮುಗಿಸಿ ಏರ್‌ಫೋರ್ಸ್‌ನ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆಯಬಹುದು. ಕಣ್ಣಿನ ಪರೀಕ್ಷೆ ಮಾತ್ರ ಈಗಲೇ ಮಾಡಿಸಿಬಿಡಿ. ಎಷ್ಟೋ ಮಕ್ಕಳು ಮೆಡಿಕಲ್‌ನಲ್ಲಿ ಹೊರಗೆ ಬೀಳೋದು ಅದರಿಂದಲೇ.