ಅಳಿಯನಿಗೆ ಓಟು ಹಾಕೋಕೆ ಆಗಲ್ಲ ಭಾವ

ಎಲ್ಲರಿಗೂ ನಮಸ್ಕಾರ. ಇವತ್ತು 2024ರ ಜೂನ್ 16, ಜುಲೈ 4ಕ್ಕೆ ಇಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆ. ಭಾವ, ಪ್ರಧಾನಿ ರಿಷಿ ಸುನಕ್ ಬಗ್ಗೆ ನೀವು ಹಾಕಿದ ಮೆಸೇಜ್ ಓದಿದೆ. ‘ರಿಷಿ ನಮ್ಮ ಕರ್ನಾಟಕದ ಅಳಿಯ, ನಾವೆಲ್ಲ ಅವರಿಗೇ ಓಟು ಹಾಕಬೇಕು, ಇದರಲ್ಲಿ ಯೋಚನೆ ಮಾಡೋದು ಏನಿದೆ’ ಅಂತ ಬರೆದಿದ್ದೀರಿ. ಅದರ ಕೆಳಗೆ ತಮ್ಮ ‘ಎಲ್ಲರೂ ಒಂದೇ, ನಾನು ಹೋಗೋದೇ ಇಲ್ಲ’ ಅಂದಿದ್ದಾನೆ. ಪುಟ್ಟಿ ‘ನನ್ನದು ಇಂಡಿಯನ್ ಪಾಸ್‌ಪೋರ್ಟ್, ನನಗೇನೂ ಸಂಬಂಧ ಇಲ್ಲ’ ಅಂತ ನಗುವ ಮುಖ ಹಾಕಿದ್ದಾಳೆ. ಇದಕ್ಕೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ. ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪಾತ್ರೆ ತೊಳೆಯುತ್ತಾ ಕೇಳಿ.

ಮೊದಲು ಪುಟ್ಟಿ, ಯಾಕೆಂದರೆ ಅವಳಿಗೆ ಟೈಮ್ ಕಮ್ಮಿ. ಪುಟ್ಟಿ, ನಿನಗೆ ಓಟು ಇದೆ ಕಣೇ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದವರು ಸರಿಯಾದ ವೀಸಾ ಮೇಲೆ ಇಲ್ಲಿದ್ದು, 18 ತುಂಬಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಹಾಕಬಹುದು. ಸ್ಟೂಡೆಂಟ್ ವೀಸಾ ಆದರೂ ಸರಿ. ನಿನ್ನ ಫ್ಲ್ಯಾಟಿನ ಇಟಲಿ ಹುಡುಗಿಗೆ ಇಲ್ಲ, ನಿನಗಿದೆ. ಓಟು ಹಾಕಿದರೆ ವೀಸಾಕ್ಕೆ ತೊಂದರೆ ಆಗುತ್ತದಾ ಅಂತ ಹೆದರಬೇಡ, ಅದು ಕಾನೂನೇ ಕೊಟ್ಟ ಹಕ್ಕು. ಮೈಸೂರಿನ ಪಟ್ಟಿಯಲ್ಲಿ ಹೆಸರಿದ್ದರೂ ಏಪ್ರಿಲ್ 26ಕ್ಕೆ ಇಲ್ಲಿ ಕೂತು ಅಲ್ಲಿಗೆ ಓಟು ಹಾಕಲು ನಿನಗೆ ಆಗಲಿಲ್ಲ, ಅಲ್ವಾ? ಇದನ್ನಾದರೂ ಬಿಡಬೇಡ.

ಆದರೆ ಹೆಸರು ಸೇರಿಸಲು ಕೊನೇ ದಿನ ನಾಡಿದ್ದು ಮಂಗಳವಾರ, ಜೂನ್ 18, ರಾತ್ರಿ 11:59. ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತದೆ. ಇನ್ನೂ ಬಂದಿಲ್ಲದಿದ್ದರೆ ಹಾಗಂತ ಹೇಳುವುದಕ್ಕೂ ಜಾಗ ಇದೆ. ಜುಲೈ 4, ಗುರುವಾರ, ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಪಾಸ್‌ಪೋರ್ಟ್ ಅಥವಾ ವೀಸಾ ಜೊತೆ ಕೊಟ್ಟಿರುವ ಬಿಆರ್‌ಪಿ ಕಾರ್ಡ್ ತಗೊಂಡು ಹೋಗು. ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆಗೆ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಿರುವುದು ಇದೇ ಮೊದಲು. ಯೂನಿವರ್ಸಿಟಿ ಕಾರ್ಡ್ ನಡೆಯಲ್ಲ. ವಯಸ್ಸಾದವರ ಬಸ್ ಪಾಸ್ ನಡೆಯುತ್ತದೆ, ಸ್ಟೂಡೆಂಟ್ ಕಾರ್ಡ್ ನಡೆಯಲ್ಲ. ಇದು ಯಾವ ನ್ಯಾಯ ಅಂತ ನನ್ನನ್ನು ಕೇಳಬೇಡ.

ಈಗ ಭಾವ. ಅಳಿಯನ ವಿಷಯ. 2022ರ ದೀಪಾವಳಿ ದಿನ ರಿಷಿ ಕನ್ಸರ್ವೇಟಿವ್ ಪಕ್ಷದ ನಾಯಕರಾದಾಗ ನಾನೂ ಖುಷಿಪಟ್ಟವಳೇ. ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮನೆ ಅಳಿಯ ಪ್ರಧಾನಿಯಾಗಿ ಡೌನಿಂಗ್ ಸ್ಟ್ರೀಟ್‌ಗೆ ಹೋಗುತ್ತಾರೆ ಅಂದರೆ ಯಾವ ಕನ್ನಡಿಗರಿಗೆ ಬೇಡ? ಆದರೆ ಭಾವ, ನಿಮ್ಮ ವೋಕಿಂಗ್‌ನ ಮತಪತ್ರದಲ್ಲಿ ಅವರ ಹೆಸರೇ ಇರುವುದಿಲ್ಲ. ಅವರು ನಿಂತಿರುವುದು ಉತ್ತರ ಯಾರ್ಕ್‌ಶೈರ್‌ನ ರಿಚ್ಮಂಡ್ ಅಂಡ್ ನಾರ್ತಲರ್ಟನ್ ಕ್ಷೇತ್ರದಲ್ಲಿ. ನಿಮಗೆ ಸಿಗುವುದು ನಿಮ್ಮ ಕ್ಷೇತ್ರದ ಎಂಪಿ ಮಾತ್ರ. ಊರಲ್ಲೂ ಇದೇ ಪದ್ಧತಿ, ನಾವು ಅಲ್ಲಿ ಮೋದಿ, ರಾಹುಲ್ ಅಂತ ಮಾತಾಡಿ ಮಾತಾಡಿ ಅದನ್ನು ಮರೆತಿದ್ದೇವೆ, ಅಷ್ಟೇ.

ಇನ್ನೊಂದು. 2019ರಲ್ಲಿ ಬೋರಿಸ್ ಜಾನ್ಸನ್ ಮುಖ ನೋಡಿ ಓಟು ಹಾಕಿದವರಿಗೆ ಅದೇ ಪಾರ್ಲಿಮೆಂಟಿನಲ್ಲಿ ಲಿಜ್ ಟ್ರಸ್ ಬಂದರು, ಆಮೇಲೆ ರಿಷಿ ಬಂದರು. ಮಧ್ಯದಲ್ಲಿ ಜನರನ್ನು ಯಾರೂ ಕೇಳಲಿಲ್ಲ. ಪಕ್ಷ ಗೆದ್ದರೂ ನಿಮ್ಮ ಅಳಿಯಂದಿರು ಐದು ವರ್ಷ ಕೂರುತ್ತಾರೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಮುಖ ನೋಡಿ ಹಾಕುವ ಓಟಿನ ಕಷ್ಟ ಅದೇ. ಮುಖ ಹೋದರೂ ಎಂಪಿ ಉಳಿಯುತ್ತಾರೆ.

ಹಾಗಾದರೆ ಏನು ನೋಡಬೇಕು ಅಂದರೆ, ನಿಮ್ಮ ಕ್ಷೇತ್ರದಲ್ಲಿ ಕಳೆದ ಸಲ ಯಾರು ಮೊದಲು, ಯಾರು ಎರಡನೆಯವರು ಅಂತ ನೋಡಬೇಕು. ಟಿವಿಯಲ್ಲಿ ದಿನವೂ ಕನ್ಸರ್ವೇಟಿವ್ ಸುನಕ್ ವರ್ಸಸ್ ಲೇಬರ್ ನಾಯಕ ಸ್ಟಾರ್ಮರ್. ಆದರೆ ನಿಮ್ಮ ವೋಕಿಂಗ್‌ನಲ್ಲಿ ಆ ಜಗಳವೇ ಇಲ್ಲ. 2019ರಲ್ಲಿ ಅಲ್ಲಿ ಕನ್ಸರ್ವೇಟಿವ್ ಗೆದ್ದಿತ್ತು, ಲಿಬರಲ್ ಡೆಮಾಕ್ರಾಟ್ ಎರಡನೆಯದು, ಲೇಬರ್ ಮೂರನೆಯದು. ಅಕ್ಕ ಮೊನ್ನೆ ‘ಈ ಸಲ ಲೇಬರ್‌ಗೆ ಹಾಕಿ ಇವರನ್ನು ಮನೆಗೆ ಕಳಿಸುತ್ತೇನೆ’ ಅಂದಳು. ಅಕ್ಕಾ, ಲೇಬರ್ ನಿನಗೆ ಮನಸಾರೆ ಇಷ್ಟ ಇದ್ದರೆ ಖಂಡಿತ ಹಾಕು. ಬರೀ ಮನೆಗೆ ಕಳಿಸುವ ಆಸೆ ಇದ್ದರೆ ಅಲ್ಲಿ ಆ ಕೆಲಸ ಮಾಡುವ ಓಟು ಬೇರೆ. ನಮ್ಮ ಮಿಲ್ಟನ್ ಕೀನ್ಸ್‌ನಲ್ಲಿ ಇದೇ ಲೆಕ್ಕ ಉಲ್ಟಾ. ಇಲ್ಲಿ ಕಳೆದ ಸಲ ಎರಡೂ ಸೀಟು ಕನ್ಸರ್ವೇಟಿವ್, ಎರಡರಲ್ಲೂ ಲೇಬರ್ ಎರಡನೆಯದು. ಒಂದೇ ಮನಸ್ಸಿನ ಇಬ್ಬರು ಎರಡು ಊರಲ್ಲಿದ್ದರೆ ಎರಡು ಬೇರೆ ಪಕ್ಷಕ್ಕೆ ಹಾಕಬೇಕಾಗುತ್ತದೆ. ವಿಚಿತ್ರ, ಆದರೆ ಇಲ್ಲಿ ಲಕ್ಷಾಂತರ ಜನ ಹೀಗೇ ಮಾಡುತ್ತಾರೆ.

ವೋಕಿಂಗ್ ಅಂದಾಗ ನೆನಪಾಯಿತು. ಭಾವ, ನೀವು ಕೌನ್ಸಿಲ್ ದಿವಾಳಿ ಆಗಿದ್ದನ್ನು ಲಿಬ್ ಡೆಮ್‌ಗಳ ತಲೆಗೆ ಕಟ್ಟಿದ್ದೀರಿ. 2023ರ ಜೂನ್‌ನಲ್ಲಿ ಕೈ ಎತ್ತುವ ನೋಟಿಸ್ ಕೊಟ್ಟವರು ಅವರೇ, ನಿಜ. ಆದರೆ ಅವರು ಅಧಿಕಾರಕ್ಕೆ ಬಂದಿದ್ದು 2022ರಲ್ಲಿ. ಆ ಹೋಟೆಲ್ಲು, ಎತ್ತರದ ಕಟ್ಟಡಗಳು, ಅದಕ್ಕೆ ಮಾಡಿದ ಸಾಲ, ಎಲ್ಲ ಅದಕ್ಕೂ ಹಿಂದಿನದು. ಆಗ ಇದ್ದಿದ್ದು ಕನ್ಸರ್ವೇಟಿವ್ ಆಡಳಿತ. ಬೈಯುವುದಾದರೆ ಸರಿಯಾದ ವಿಳಾಸಕ್ಕೆ ಬೈಯಿರಿ.

ಯಾರು ಎರಡನೆಯವರು ಅನ್ನುವುದನ್ನು ಮನೆಗೆ ಬರುವ ಲೀಫ್‌ಲೆಟ್ ನೋಡಿ ನಂಬಬೇಡಿ, ದಯವಿಟ್ಟು. ಹೋದ ವಾರ ನಮ್ಮ ಬಾಗಿಲಲ್ಲಿ ಒಂದು ಬಿದ್ದಿತ್ತು. ಯಾವ ಪಕ್ಷ ಅಂತ ಹೇಳಲ್ಲ, ಎಲ್ಲರೂ ಮಾಡುವುದೇ. ‘ಇಲ್ಲಿ ಸ್ಪರ್ಧೆ ಇಬ್ಬರ ನಡುವೆ ಮಾತ್ರ’ ಅಂತ ದಪ್ಪ ಅಕ್ಷರ, ಪಕ್ಕದಲ್ಲಿ ಬಾರ್ ಚಾರ್ಟ್. ಅವರ ಕಂಬ ತೆಂಗಿನ ಮರದಷ್ಟು, ಮೂರನೆಯವರದು ತುಳಸಿ ಗಿಡದಷ್ಟು. ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರ ಓದಿದೆ. ಅದು ಪಾರ್ಲಿಮೆಂಟ್ ಚುನಾವಣೆಯ ಅಂಕಿಯೇ ಅಲ್ಲ, ಯಾವುದೋ ಕೌನ್ಸಿಲ್ ವಾರ್ಡಿನದು. ಹಾಗಾಗಿ 2019ರ ಫಲಿತಾಂಶವನ್ನು ನೀವೇ ಹುಡುಕಿ ನೋಡಿ. ಈ ಸಲ ಕ್ಷೇತ್ರಗಳ ಗಡಿ ಬೇರೆ ಬದಲಾಗಿದೆ. ತಮ್ಮ ಇರುವ ರೆಡಿಂಗ್‌ನಲ್ಲಿ ಮೊದಲು ಈಸ್ಟ್, ವೆಸ್ಟ್ ಅಂತ ಎರಡಿತ್ತು. ಈಗ ರೆಡಿಂಗ್ ಸೆಂಟ್ರಲ್, ರೆಡಿಂಗ್ ವೆಸ್ಟ್ ಅಂಡ್ ಮಿಡ್ ಬರ್ಕ್‌ಶೈರ್, ಜೊತೆಗೆ ಅರ್ಲಿ ಅಂಡ್ ವುಡ್ಲಿ ಅಂತ ಹೊಸದೊಂದು. ಪೋಸ್ಟ್‌ಕೋಡ್ ಹಾಕಿದರೆ ನಿನ್ನದು ಯಾವುದು ಅಂತ ತೋರಿಸುತ್ತದೆ ತಮ್ಮ. ಹಳೇ ಎಂಪಿ ಹೆಸರು ಹೇಳಿಕೊಂಡು ಇರಬೇಡ. ಅಲೋಕ್ ಶರ್ಮಾ ಈ ಸಲ ನಿಂತೇ ಇಲ್ಲ.

ತಮ್ಮ, ನೀನು ‘ಎಲ್ಲರೂ ಒಂದೇ’ ಅಂದಿದ್ದು ಅರ್ಧ ಸರಿ. ವಲಸೆ ವಿಷಯದಲ್ಲಿ ಒಬ್ಬರು ಅಳಿಯ ಅಂದರೆ ಇನ್ನೊಬ್ಬರು ಮಗಳ ಗಂಡ ಅನ್ನುತ್ತಾರೆ. ಕನ್ಸರ್ವೇಟಿವ್, ಲೇಬರ್ ಇಬ್ಬರೂ ಬರುವವರ ಸಂಖ್ಯೆ ಕಮ್ಮಿ ಮಾಡುತ್ತೇವೆ ಅಂತಲೇ ಹೇಳುತ್ತಿರುವುದು. ಆದರೆ ಸಣ್ಣ ಅಕ್ಷರದಲ್ಲಿ ವ್ಯತ್ಯಾಸ ಇದೆ. ಈಗಾಗಲೇ ಆಗಿರುವುದನ್ನು ನೋಡು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹೊಸಬರ ಸಂಬಳದ ಮಿತಿ 26,200 ಪೌಂಡ್ ಇದ್ದಿದ್ದು ಏಪ್ರಿಲ್‌ನಲ್ಲಿ 38,700 ಆಯಿತು. ವೀಸಾ ಜೊತೆ ಆಸ್ಪತ್ರೆ ಸೇವೆಗೆ ಅಂತ ಕಟ್ಟುವ ಹೆಲ್ತ್ ಸರ್‌ಚಾರ್ಜ್ ಫೆಬ್ರವರಿಯಲ್ಲಿ ವರ್ಷಕ್ಕೆ 624ರಿಂದ 1,035ಕ್ಕೆ ಹೋಯಿತು. ಗಂಡ ಹೆಂಡತಿ ಇಬ್ಬರು, ಮೂರು ವರ್ಷ ಅಂದರೆ 6,210 ಪೌಂಡ್. ಅದೂ ಮೊದಲೇ, ಒಂದೇ ಸಲ. ಇದರ ಮೇಲೆ ಟ್ಯಾಕ್ಸೂ ಕಟ್ಟುತ್ತೇವೆ, ನ್ಯಾಷನಲ್ ಇನ್ಶೂರೆನ್ಸೂ ಕಟ್ಟುತ್ತೇವೆ. ಕೇರ್ ಹೋಮ್‌ಗೆ ಕೆಲಸಕ್ಕೆ ಬರುವವರು ಮಾರ್ಚ್ 11ರಿಂದ ಗಂಡ ಮಕ್ಕಳನ್ನು ಕರೆತರುವ ಹಾಗಿಲ್ಲ. ಇದೆಲ್ಲ ನಮ್ಮ ಅಳಿಯಂದಿರ ಸರ್ಕಾರವೇ ಮಾಡಿದ್ದು ಭಾವ, ನೆನಪಿರಲಿ.

ಈಗಿನ ಪ್ರಣಾಳಿಕೆಯಲ್ಲಿ ಕನ್ಸರ್ವೇಟಿವ್‌ನವರು ವೀಸಾ ಫೀಸು ಇನ್ನೂ ಏರಿಸುತ್ತೇವೆ, ವಿದ್ಯಾರ್ಥಿಗಳಿಗೆ ಸರ್‌ಚಾರ್ಜಿನಲ್ಲಿ ಇರುವ ರಿಯಾಯಿತಿ ತೆಗೆಯುತ್ತೇವೆ, ವರ್ಷಕ್ಕೆ ಇಷ್ಟೇ ಜನ ಅಂತ ಮಿತಿ ಹಾಕುತ್ತೇವೆ ಅಂದಿದ್ದಾರೆ. ಲೇಬರ್‌ನವರು ಆಶ್ರಯ ಕೇಳಿ ಬಂದವರನ್ನು ಆಫ್ರಿಕಾಕ್ಕೆ ಕಳಿಸುವ ರುವಾಂಡಾ ಯೋಜನೆ ನಿಲ್ಲಿಸುತ್ತೇವೆ, ಇಲ್ಲಿಯವರಿಗೆ ತರಬೇತಿ ಕೊಟ್ಟು ಹೊರಗಿನಿಂದ ಕರೆಸುವುದನ್ನು ಕಮ್ಮಿ ಮಾಡುತ್ತೇವೆ ಅನ್ನುತ್ತಾರೆ. ಎಷ್ಟು ಕಮ್ಮಿ ಅಂತ ಸಂಖ್ಯೆ ಹೇಳಲ್ಲ. ಏರಿಸಿದ ಸರ್‌ಚಾರ್ಜ್ ಇಳಿಸುತ್ತೇವೆ ಅಂತಲೂ ಅವರು ಹೇಳಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮನೆಯಲ್ಲಿ ಕೂರುತ್ತೇನೆ ಅಂದರೆ ನಿನ್ನಿಷ್ಟ. 2017ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಈಸ್ಟ್ ಫೈಫ್‌ನಲ್ಲಿ ಅಲ್ಲಿಯದೇ ಪಕ್ಷ ಎಸ್‌ಎನ್‌ಪಿ ಗೆದ್ದಿದ್ದು ಎರಡೇ ಎರಡು ಓಟಿನಲ್ಲಿ. ಅವತ್ತು ಅಲ್ಲಿ ಮಳೆ ಅಂತ ಮನೆಯಲ್ಲಿ ಕೂತವರ ಮುಖ ನೋಡಬೇಕಿತ್ತು.

ಸಿಟ್ಟಿಗೆ ರಿಫಾರ್ಮ್, ಗ್ರೀನ್ ತರದ ಸಣ್ಣ ಪಕ್ಷಕ್ಕೆ ಹಾಕುತ್ತೇನೆ ಅನ್ನುವವರಿಗೂ ಒಂದು ಮಾತು. ಹಾಕಿ, ತಪ್ಪಿಲ್ಲ. ಆದರೆ ಲೆಕ್ಕ ತಿಳಿದು ಹಾಕಿ. 2015ರಲ್ಲಿ ಯುಕಿಪ್ ಪಕ್ಷಕ್ಕೆ ಸುಮಾರು 39 ಲಕ್ಷ ಓಟು ಬಿತ್ತು, ಸೀಟು ಬಂದಿದ್ದು ಒಂದು. ಅದೇ ಸಲ ಎಸ್‌ಎನ್‌ಪಿಗೆ ಅದರ ಅರ್ಧವೂ ಇಲ್ಲ, ಆದರೆ 56 ಸೀಟು. ಯಾಕೆಂದರೆ ಅವರ ಓಟೆಲ್ಲ ಒಂದೇ ಕಡೆ ಇತ್ತು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಭಾವ, ‘ಲೇಬರ್ ಬಂದರೆ ಮನೆಗೆ 2,000 ಪೌಂಡ್ ಟ್ಯಾಕ್ಸ್’ ಅನ್ನುವ ಫಾರ್ವರ್ಡ್ ಮೂರು ಗ್ರೂಪಿಗೆ ಹಾಕಿದ್ದೀರಿ. ಜೂನ್ 4ರ ಟಿವಿ ಚರ್ಚೆಯಲ್ಲಿ ಸುನಕ್ ಹೇಳಿದ್ದು ಅದು. ಆ ಮೊತ್ತ ನಾಲ್ಕು ವರ್ಷಕ್ಕೆ ಸೇರಿಸಿ ಹೇಳಿದ್ದು. ಇಡೀ ಲೆಕ್ಕ ಅಧಿಕಾರಿಗಳದ್ದು ಅಂತ ಬಿಂಬಿಸಬಾರದು ಅಂತ ಖಜಾನೆಯ ಹಿರಿಯ ಅಧಿಕಾರಿಯೇ ಪತ್ರ ಬರೆದಿದ್ದರು. ಲೇಬರ್‌ನವರೂ ಸಾಚಾ ಅಲ್ಲ. ಇನ್‌ಕಮ್ ಟ್ಯಾಕ್ಸ್ ದರ ಏರಿಸಲ್ಲ ಅಂತ ಇಬ್ಬರೂ ಎದೆ ತಟ್ಟಿಕೊಳ್ಳುತ್ತಾರೆ. ಆದರೆ ಟ್ಯಾಕ್ಸ್ ಇಲ್ಲದ 12,570 ಪೌಂಡಿನ ಮಿತಿಯನ್ನು 2028ರವರೆಗೆ ಅಲುಗಾಡಿಸಲ್ಲ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಸಂಬಳ ಏರಿದಷ್ಟೂ ಟ್ಯಾಕ್ಸ್ ತಾನಾಗಿ ಏರುತ್ತದೆ, ದರ ಮುಟ್ಟಬೇಕಾಗಿಯೇ ಇಲ್ಲ. ಸ್ಟಾರ್ಮರ್ 2020ರಲ್ಲಿ ನಾಯಕರಾಗುವಾಗ ಕಾಲೇಜು ಫೀಸು ತೆಗೆಯುತ್ತೇವೆ ಅಂದಿದ್ದರು, ಈಗ ಅದರ ಸುದ್ದಿಯೇ ಇಲ್ಲ. ಅದೇ ಫೀಸು ಏರಿಸಲ್ಲ ಅಂತ 2010ರಲ್ಲಿ ಸಹಿ ಹಾಕಿಕೊಟ್ಟ ಲಿಬ್ ಡೆಮ್‌ಗಳು ಕೂಟ ಸರ್ಕಾರಕ್ಕೆ ಹೋಗಿ 9,000 ಪೌಂಡಿಗೆ ಏರಿಸಿದರು. ಮಗಳು ಯೂನಿವರ್ಸಿಟಿಗೆ ಹೋಗುವ ವಯಸ್ಸಿಗೆ ಬಂದಾಗ ಇದೆಲ್ಲ ಚೆನ್ನಾಗಿ ನೆನಪಿರುತ್ತದೆ.

ಚಿಕ್ಕಪ್ಪ ಮೈಸೂರಿನಿಂದ ‘ಯಾರು ಗೆಲ್ಲುತ್ತಾರಮ್ಮ’ ಅಂತ ಕೇಳಿದ್ದರು. ಸಮೀಕ್ಷೆಗಳೆಲ್ಲ ಲೇಬರ್ ಬಹಳ ಮುಂದೆ ಅನ್ನುತ್ತಿವೆ ಚಿಕ್ಕಪ್ಪ. ಜೂನ್ 4ಕ್ಕೆ ನಮ್ಮೂರಿನ ಎಕ್ಸಿಟ್ ಪೋಲ್‌ಗಳ ಗತಿ ಏನಾಯಿತು ಅಂತ ನೀವೇ ನೋಡಿದ್ದೀರಿ, ಜಾಸ್ತಿ ಹೇಳಲ್ಲ. ಇಲ್ಲಿ ಎಣಿಕೆಗೆ ವಾರಗಟ್ಟಲೆ ಕಾಯಿಸಲ್ಲ. ರಾತ್ರಿ 10ಕ್ಕೆ ಮತದಾನ ಮುಗಿದರೆ ಬೆಳಗಾಗುವಷ್ಟರಲ್ಲಿ ಬಹುತೇಕ ಗೊತ್ತಾಗಿರುತ್ತದೆ. ಮಷಿನ್ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಬೇಕು. ನೋಟಾ ಕೂಡ ಇಲ್ಲ.

ನಾನು ಯಾರಿಗೆ ಅಂತ ಕೇಳಬೇಡಿ. ನಮ್ಮನೆಯಲ್ಲಿ ಇವರದೊಂದು, ನನ್ನದೊಂದು. ಹೋಗುವುದು ಒಟ್ಟಿಗೆ, ಹಾಕುವುದು ಬೇರೆ ಬೇರೆ.

ಕೊನೆಗೆ ಅಕ್ಕನ ವಿಷಯ. ಅಕ್ಕ, ನೀನು ಜುಲೈ ಒಂದಕ್ಕೇ ಬೆಂಗಳೂರಿಗೆ ಹೊರಡುತ್ತಿದ್ದೀಯ. ಅಂಚೆ ಮತ ಬೆಂಗಳೂರಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಹೊಸ ಸರ್ಕಾರ ಪ್ರಮಾಣ ವಚನ ಮುಗಿಸಿರುತ್ತದೆ. ಪ್ರಾಕ್ಸಿ ಹಾಕು. ಅಂದರೆ ನಿನ್ನ ಪರವಾಗಿ ಇನ್ನೊಬ್ಬರು ನಿಮ್ಮ ಮತಗಟ್ಟೆಗೇ ಹೋಗಿ ಓಟು ಹಾಕುವುದು. ಅರ್ಜಿಗೆ ಜೂನ್ 26, ಬುಧವಾರ ಸಂಜೆ 5ರವರೆಗೆ ಟೈಮ್ ಇದೆ. ಹೋಗುವವರು ಅವರದೇ ಐಡಿ ತೋರಿಸಿದರೆ ಸಾಕು, ನಿನ್ನ ಪಾಸ್‌ಪೋರ್ಟ್ ನಿನ್ನ ಜೊತೆಗೇ ಇರಲಿ. ಹತ್ತಿರದಲ್ಲಿ ಭಾವನೇ ಇದ್ದಾರೆ, ಅವರ ಹೆಸರನ್ನೇ ಕೊಡು. ಭಾವ, ನೀವು ಮಾತ್ರ ಅಕ್ಕ ಹೇಳಿದ ಹೆಸರಿಗೇ ಗುರುತು ಹಾಕಬೇಕು, ಅಳಿಯ ಗಿಳಿಯ ಅನ್ನುವ ಹಾಗಿಲ್ಲ. ನಂಬಿಕೆ ಇಲ್ಲದಿದ್ದರೆ ಅಕ್ಕ, ನಿಮ್ಮ ಪಕ್ಕದ ಮನೆಯವರನ್ನು ಕೇಳು, ಅವರೂ ಹಾಕಬಹುದು.