300 ನ್ಯಾನೊಮೀಟರ್ ದಪ್ಪದ ಸಾವಯವ ಸೌರಕೋಶ: ಫಿಲ್ ಫ್ಯಾಕ್ಟರ್ ಕುಸಿಯುವುದನ್ನು ತಡೆಯುವುದು ಹೇಗೆ?

ಪ್ರಶ್ನೆ

ಎಲೆಕ್ಟ್ರಾನು ಬಿಟ್ಟುಕೊಡುವ ಪಿಎಂ6 ಪಾಲಿಮರ್ ಮತ್ತು ಅದನ್ನು ಪಡೆಯುವ ವೈ6 ಅಣುಗಳ ಮಿಶ್ರಣದಿಂದ ಸಾವಯವ ಸೌರಕೋಶಗಳನ್ನು ತಯಾರಿಸುತ್ತಿದ್ದೇನೆ. ಬೆಳಕನ್ನು ಹೀರಿ ವಿದ್ಯುತ್ತಾಗಿಸುವ ಸಕ್ರಿಯ ಪದರದ ದಪ್ಪ 110 ನ್ಯಾನೊಮೀಟರ್ ಇದ್ದಾಗ ಶೇ. 15.5ರಷ್ಟು ದಕ್ಷತೆ ಸಿಗುತ್ತದೆ. ಅದನ್ನೇ 300 ನ್ಯಾನೊಮೀಟರಿಗೆ ಏರಿಸಿದರೆ ಶೇ. 12ಕ್ಕೆ ಇಳಿಯುತ್ತದೆ. ಕರೆಂಟ್ ಕಡಿಮೆಯಾಗಿಲ್ಲ, ತುಸು ಹೆಚ್ಚೇ ಆಗಿದೆ. ವೋಲ್ಟೇಜಿನಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಿದ್ದಿರುವುದು ಫಿಲ್ ಫ್ಯಾಕ್ಟರ್ (ಕೋಶದ ಗರಿಷ್ಠ ಕರೆಂಟ್ ಮತ್ತು ಗರಿಷ್ಠ ವೋಲ್ಟೇಜುಗಳ ಗುಣಲಬ್ಧದಲ್ಲಿ ನಿಜಕ್ಕೂ ಸಿಗುವ ಗರಿಷ್ಠ ಸಾಮರ್ಥ್ಯದ ಪಾಲು) ಮಾತ್ರ: ಶೇ. 74 ಇದ್ದದ್ದು ಶೇ. 57 ಆಗಿದೆ. ತೆಳು ಪದರವೇ ಸಾಕೆನ್ನುವಂತಿಲ್ಲ, ಏಕೆಂದರೆ ಉದ್ದನೆಯ ಹಾಳೆಯ ಮೇಲೆ ಮುದ್ರಿಸುವಾಗ 100 ನ್ಯಾನೊಮೀಟರ್ ಪದರವನ್ನು ಸಣ್ಣ ತೂತುಗಳಿಲ್ಲದೆ ಎಲ್ಲೆಡೆ ಒಂದೇ ದಪ್ಪದಲ್ಲಿ ಹರಡುವುದು ಬಹಳ ಕಷ್ಟ. 2019ರಲ್ಲಿ ವೈ6 ಅಣುವಿನ ಮೊದಲ ವರದಿ ಬಂದಾಗಲೇ 300 ನ್ಯಾನೊಮೀಟರ್ ದಪ್ಪದಲ್ಲಿ ಶೇ. 13.6 ದಕ್ಷತೆ ದಾಖಲಾಗಿತ್ತು. ಹಾಗಾಗಿ ನನ್ನ ಪದರದಲ್ಲಿ ಸರಿಪಡಿಸಬಹುದಾದ ಕೊರತೆಯೊಂದು ಇದೆ ಎಂದು ನಂಬಿದ್ದೇನೆ. ಮೂರನೆಯ ಘಟಕವೊಂದನ್ನು ಬೆರೆಸುವ ಯೋಚನೆಯಿದೆ. ಅದು ಸರಿಯಾದ ದಾರಿಯೇ?

ಮೊದಲ ಉತ್ತರ

ಬೆರೆಸುವ ಮೊದಲು ನಷ್ಟ ಎಲ್ಲಿ ಆಗುತ್ತಿದೆ ಎಂಬುದನ್ನು ಗುರುತಿಸಿಕೊಳ್ಳಿ. ಒಂದೇ ವೋಲ್ಟೇಜಿನಲ್ಲಿ ವಿದ್ಯುದಂಶಗಳು ಪದರವನ್ನು ದಾಟಲು ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನಿಮ್ಮ ದಪ್ಪ 2.7 ಪಟ್ಟು ಏರಿದೆ ಎಂದರೆ ದಾಟುವ ಕಾಲ ಏಳು ಪಟ್ಟಿಗೂ ಮಿಕ್ಕಿ ಏರಿದೆ. ಅಷ್ಟು ಹೊತ್ತು ಒಳಗೇ ಉಳಿದ ಎಲೆಕ್ಟ್ರಾನು ಮತ್ತು ಹೋಲುಗಳು (ಎಲೆಕ್ಟ್ರಾನು ತೆರವಾದ, ಧನ ವಿದ್ಯುದಂಶದಂತೆ ವರ್ತಿಸುವ ಜಾಗಗಳು) ಪರಸ್ಪರ ಎದುರಾಗಿ ಮತ್ತೆ ಒಂದಾಗುವ ಸಂಭವವೂ ಬೆಳೆಯುತ್ತದೆ. ಶಾರ್ಟ್ ಸರ್ಕ್ಯೂಟ್ ಸ್ಥಿತಿಯಲ್ಲಿ ಒಳಗಿನ ವಿದ್ಯುತ್ ಕ್ಷೇತ್ರ ಬಲವಾಗಿರುವುದರಿಂದ ಇದು ಕಾಣುವುದಿಲ್ಲ. ಗರಿಷ್ಠ ಸಾಮರ್ಥ್ಯದ ಬಿಂದುವಿನ ಬಳಿ ಆ ಕ್ಷೇತ್ರ ದುರ್ಬಲವಾಗುತ್ತದೆ, ಪೆಟ್ಟು ಫಿಲ್ ಫ್ಯಾಕ್ಟರಿಗೆ ಬೀಳುತ್ತದೆ.

ಬೆಳಕನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಅದೇ ಕೋಶವನ್ನು ಮತ್ತೆ ಅಳೆಯಿರಿ. ಫಿಲ್ ಫ್ಯಾಕ್ಟರ್ ಚೇತರಿಸಿಕೊಂಡರೆ ಎಲೆಕ್ಟ್ರಾನು–ಹೋಲುಗಳ ಈ ಮರುಸೇರ್ಪಡೆಯೇ ಮುಖ್ಯ ಕಾರಣವೆಂದು ಹೇಳಬಹುದು. ವಿದ್ಯುದಗ್ರಗಳ ರೋಧದಿಂದಾಗುವ ನಷ್ಟವೂ ಮಂದ ಬೆಳಕಿನಲ್ಲಿ ತಗ್ಗುತ್ತದೆ ನಿಜ, ಆದರೆ ಅದೇ ವಿದ್ಯುದಗ್ರಗಳ ಮೇಲೆ ನಿಮ್ಮ ತೆಳು ಕೋಶ ಶೇ. 74 ಕೊಟ್ಟಿರುವುದರಿಂದ ಆ ಸಂಶಯವನ್ನು ಬದಿಗಿಡಬಹುದು. ಅನಂತರ ಎಲೆಕ್ಟ್ರಾನನ್ನು ಮಾತ್ರ ಮತ್ತು ಹೋಲನ್ನು ಮಾತ್ರ ಹರಿಸುವ ಎರಡು ಬಗೆಯ ಮಾದರಿಗಳನ್ನು ಮಾಡಿ ಚಲನಶೀಲತೆಯನ್ನು, ಅಂದರೆ ಕ್ಷೇತ್ರದಲ್ಲಿ ವಿದ್ಯುದಂಶ ಎಷ್ಟು ಸುಲಭವಾಗಿ ಸಾಗುತ್ತದೆ ಎಂಬುದನ್ನು ಅಳೆಯಿರಿ, ಅದನ್ನೂ 300 ನ್ಯಾನೊಮೀಟರ್ ಪದರದಲ್ಲಿಯೇ ಅಳೆಯಿರಿ. ಒಂದು ಇನ್ನೊಂದಕ್ಕಿಂತ ಬಹಳ ನಿಧಾನವಾಗಿದ್ದರೆ ಹಿಂದುಳಿದ ವಿದ್ಯುದಂಶ ಒಳಗೆ ಜಮೆಯಾಗಿ ವಿದ್ಯುತ್ ಕ್ಷೇತ್ರವನ್ನೇ ಕೆಡಿಸುತ್ತದೆ.

ಎರಡನೆಯ ಉತ್ತರ

ದಪ್ಪ ಹೆಚ್ಚಿಸಲು ನೀವು ದ್ರಾವಣವನ್ನು ಗಾಢಗೊಳಿಸಿರಬೇಕು, ಇಲ್ಲವೇ ದ್ರಾವಣವನ್ನು ತಿರುಗಿಸಿ ಹರಡುವ ತಿರುಗಣೆಯ ವೇಗವನ್ನು ಇಳಿಸಿರಬೇಕು. ಎರಡರಿಂದಲೂ ಪದರ ಒಣಗುವ ರೀತಿ ಬದಲಾಗುತ್ತದೆ; ಆದ್ದರಿಂದ ನಿಮ್ಮ ಕೈಯಲ್ಲಿರುವುದು ಅದೇ ಪದರದ ದಪ್ಪನೆಯ ರೂಪವಲ್ಲ, ಒಳರಚನೆಯೇ ಬೇರೆಯಾದ ಇನ್ನೊಂದು ಪದರ. ಕ್ಲೋರೊಫಾರ್ಮ್ 61 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರಾವಕವಾದ್ದರಿಂದ ಬೇಗ ಹಾರಿಹೋಗುತ್ತದೆ, ಆದರೆ ದ್ರಾವಣಕ್ಕೆ ಅಲ್ಪ ಪ್ರಮಾಣದಲ್ಲಿ ಬೆರೆಸುವ ಕ್ಲೋರೊನ್ಯಾಫ್ತಲೀನ್‌ನಂಥ ಸಂಯೋಜಕ ದಪ್ಪ ಪದರದಿಂದ ಹೊರಬೀಳಲು ಹೆಚ್ಚು ಸಮಯ ಬೇಡುತ್ತದೆ. ಕಾಯಿಸುವ ಅವಧಿಯನ್ನು ತೆಳು ಪದರಕ್ಕೆ ಗೊತ್ತುಮಾಡಿದ್ದಷ್ಟೇ ಇಟ್ಟಿದ್ದರೆ ಅದನ್ನು ಮೊದಲು ಪರಿಶೀಲಿಸಿ.

ಪಾಲಿಮರನ್ನು ಮೊದಲು ಹರಡಿ ಅದರ ಮೇಲೆ ವೈ6 ದ್ರಾವಣವನ್ನು ಹರಡುವ ಎರಡು ಹಂತದ ವಿಧಾನ ದಪ್ಪ ಪದರಗಳಿಗೆ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೋಲುಗಳನ್ನು ಸಂಗ್ರಹಿಸುವ ಬದಿಯಲ್ಲಿ ಪಾಲಿಮರ್, ಎಲೆಕ್ಟ್ರಾನುಗಳನ್ನು ಸಂಗ್ರಹಿಸುವ ಬದಿಯಲ್ಲಿ ವೈ6 ದಟ್ಟವಾಗಿರುವುದರಿಂದ ಎರಡಕ್ಕೂ ಹೊರಹೋಗುವ ದಾರಿ ಸುಗಮವಾಗುತ್ತದೆ. ಎರಡನೆಯ ದ್ರಾವಕವು ಕೆಳಗಿನ ಪಾಲಿಮರನ್ನು ಉಬ್ಬಿಸಬೇಕು, ತೊಳೆದುಹಾಕಬಾರದು. ಇಡೀ ಶ್ರಮ ಇರುವುದು ಈ ಆಯ್ಕೆಯಲ್ಲಿಯೇ. ಮೂರನೆಯ ಘಟಕವನ್ನು ಬೆರೆಸುವುದಾದರೆ ನಿಧಾನವಾಗಿರುವುದು ಎಲೆಕ್ಟ್ರಾನೋ ಹೋಲೋ ಎಂದು ತಿಳಿದ ಮೇಲೆಯೇ ಬೆರೆಸಿ. ಎಲೆಕ್ಟ್ರಾನು ನಿಧಾನವಾಗಿದ್ದರೆ ಎಲೆಕ್ಟ್ರಾನನ್ನು ಚೆನ್ನಾಗಿ ಸಾಗಿಸುವ ಫುಲರೀನ್ (ಚೆಂಡಿನಾಕಾರದ ಇಂಗಾಲದ ಅಣು) ವರ್ಗದ ವಸ್ತುವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ ನೋಡಬಹುದು. ಹೋಲಿನ ಕೊರತೆಯನ್ನು ಅದು ನೀಗಿಸಲಾರದು.

ಮೂರನೆಯ ಉತ್ತರ

ಅರಿವಿಲ್ಲದೆ ಆಗುವ ಡೋಪಿಂಗನ್ನು (ಕಲ್ಮಶಗಳಿಂದ ಪದರದಲ್ಲಿ ಹೆಚ್ಚುವರಿ ವಿದ್ಯುದಂಶಗಳು ಸೇರುವುದನ್ನು) ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಪದರದ ಪ್ರತಿ ಘನ ಸೆಂಟಿಮೀಟರಿನಲ್ಲಿ 10ರ 16ನೇ ಘಾತದಷ್ಟು ಡೋಪಿಂಗ್ ಇದ್ದರೆ, ಎರಡು ವಿದ್ಯುದಗ್ರಗಳ ನಡುವೆ ತಾನಾಗಿ ಏರ್ಪಡುವ ಒಂದು ವೋಲ್ಟ್ ಒಳವಿಭವಕ್ಕೆ ವಿದ್ಯುತ್ ಕ್ಷೇತ್ರ ವ್ಯಾಪಿಸುವುದು ಸುಮಾರು 200 ನ್ಯಾನೊಮೀಟರ್ ಮಾತ್ರ. ತೆಳು ಕೋಶಕ್ಕೆ ಇದರ ಸುಳಿವೇ ಸಿಗುವುದಿಲ್ಲ; 300 ನ್ಯಾನೊಮೀಟರಿನಲ್ಲಿ ಮೂರನೇ ಒಂದು ಭಾಗ ಕ್ಷೇತ್ರವಿಲ್ಲದೆ ಉಳಿಯುತ್ತದೆ. ನಿಮ್ಮ ಕರೆಂಟ್ ಇಳಿಯದಿರುವುದನ್ನು ನೋಡಿದರೆ ನಿಮ್ಮಲ್ಲಿ ಇದೇ ಮುಖ್ಯ ಕಾರಣವಾಗಿರಲಾರದು. ಆದರೂ ವೋಲ್ಟೇಜ್ ಏರಿದಂತೆ ಆ ವ್ಯಾಪ್ತಿ ಇನ್ನೂ ಕುಗ್ಗುವುದರಿಂದ, ಡೋಪಿಂಗ್ ಎಷ್ಟಿದೆಯೆಂದು ತಿಳಿಯಲು ಕತ್ತಲೆಯಲ್ಲಿ ಧಾರಣಶಕ್ತಿಯನ್ನು (ಕೆಪಾಸಿಟನ್ಸ್) ವೋಲ್ಟೇಜಿಗೆ ಪ್ರತಿಯಾಗಿ ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬೆಳಕನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಅಳೆದಾಗ 300 ನ್ಯಾನೊಮೀಟರ್ ಕೋಶದ ಫಿಲ್ ಫ್ಯಾಕ್ಟರ್ ಶೇ. 70ಕ್ಕೆ ಮರಳಿತು. ಕಾಯಿಸುವ ಅವಧಿಯನ್ನು ನಾನು ನಿಜಕ್ಕೂ ಬದಲಿಸಿರಲಿಲ್ಲ. ಮೂರನೆಯ ಘಟಕದ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಹೆಚ್ಚು ಹೊತ್ತು ಕಾಯಿಸಿದ ಪದರಗಳಲ್ಲಿ ಎರಡೂ ಚಲನಶೀಲತೆಗಳನ್ನು ಅಳೆದು ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.